ಗೋಡೆ ಮುಚ್ಚುವ ಮುನ್ನ ವಿಶಾಲಾಕ್ಷಿ ಮೇಡಂ

ತಲೆಯ ಮೇಲಿನ ಹೆಲ್ಮೆಟ್ ತೆಗೆಯದೆಯೇ ಕಾಫಿ ಕುಡಿಯುವವರನ್ನು ನಾನು ಈವರೆಗೆ ನೋಡಿರುವುದು ಒಬ್ಬರನ್ನೇ. ವಿಶಾಲಾಕ್ಷಿ ಮೇಡಂ ಹೆಲ್ಮೆಟ್ಟಿನ ಗಾಜನ್ನು ಹಣೆಯ ಮೇಲಕ್ಕೆ ತಳ್ಳಿ, ನಿಂತಲ್ಲೇ ಎರಡು ಗುಟುಕು ಕುಡಿದು, ಮೂರನೆಯ ಗುಟುಕಿನ ಹೊತ್ತಿಗೆ ಅರ್ಧ ಮೆಟ್ಟಿಲು ಹತ್ತಿರುತ್ತಿದ್ದರು. ಲೋಟ ಎಲ್ಲೋ ಕಿಟಕಿಯ ಮೇಲೆ, ಇಟ್ಟಿಗೆ ರಾಶಿಯ ಮೇಲೆ ಉಳಿದಿರುತ್ತಿತ್ತು. ಹೆಲ್ಮೆಟ್ ತೆಗೆದು ಕೂತುಕೊಂಡು ಕುಡಿಯಿರಿ ಎಂದು ಒಮ್ಮೆ ಹೇಳಿದ್ದಕ್ಕೆ, "ತೆಗೆದ್ರೆ ಎಲ್ಲಾದ್ರೂ ಇಡಬೇಕು. ಇಟ್ರೆ ಮರೀತೀನಿ. ಮರೆತ್ರೆ ವಾಪಸ್ ಬರಬೇಕು. ಅಷ್ಟೊತ್ತಿಗೆ ಇನ್ನೊಂದು ಸೈಟ್ ನೋಡಬಹುದು" ಎಂದಿದ್ದರು.

ಅವರು ಸ್ಟ್ರಕ್ಚರಲ್ ಇಂಜಿನಿಯರ್. ಜಯನಗರದಲ್ಲಿ ಮನೆ, ಮುಂದಿನ ಕೋಣೆಯೇ ಆಫೀಸು. ನಾನು ಅವರನ್ನು ಮೊದಲು ಕಂಡಾಗಲೇ ಅರವತ್ತರ ಹತ್ತಿರವಿದ್ದರು. ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿ, ಕೈಯಲ್ಲಿ ಒಂದು ಸಣ್ಣ ಟಾರ್ಚ್ ಹಿಡಿದು ಬರುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಅವರ ಬೆರಳಿನ ಗೆಣ್ಣು ಗೋಡೆಗೆ ಹೋಗುತ್ತಿತ್ತು, ಆಮೇಲೆ ಮಾತು. ಒಂದು ಮದುವೆ ಛತ್ರದಲ್ಲಿ ಊಟದ ಸಾಲಿನಿಂದ ಎದ್ದು ಹೋಗಿ ಕೈ ತೊಳೆಯುವ ನಲ್ಲಿಗಳ ಹಿಂದಿನ ಗೋಡೆಯನ್ನು ಬಡಿದು ನೋಡಿದ್ದನ್ನು ನಾನೇ ಕಂಡಿದ್ದೇನೆ. ಹೋಳಿಗೆ ಬಡಿಸುತ್ತಿದ್ದ ಭಟ್ಟರು ಅವರ ಖಾಲಿ ಎಲೆಯ ಮುಂದೆ ನಿಂತು, ಎದ್ದು ಹೋದವರು ಬರುತ್ತಾರೋ ಇಲ್ಲವೋ ಎಂದು ನನ್ನ ಮುಖ ನೋಡುತ್ತಿದ್ದರು.

ನಾನು ಪ್ಲಂಬರ್. ಶ್ರೀನಗರದಲ್ಲಿ ಹುಟ್ಟಿ ಬೆಳೆದವನು. ಐಟಿಐ ಮುಗಿಸಿ ಇಪ್ಪತ್ತನೆಯ ವಯಸ್ಸಿಗೆ ಪೈಪು ಹಿಡಿದೆ. ನಾವು ಕಲಿತ ಕೆಲಸದಲ್ಲಿ ಗೋಡೆಗೆ ಬೆಲೆ ಇರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಭಾರವನ್ನೆಲ್ಲ ಪಿಲ್ಲರು, ಬೀಮುಗಳು ಹೊರುತ್ತವೆ. ನಡುವಿನ ಗೋಡೆ ಬರೀ ಮರೆ. ಆದ್ದರಿಂದ ಪೈಪು ಎಲ್ಲಿ ಬೇಕೋ ಅಲ್ಲಿ ಗೋಡೆ ಕೊರೆದು, ಪೈಪು ಕೂರಿಸಿ, ಮೇಲೆ ಸಿಮೆಂಟು ಸವರಿ ಮುಂದಕ್ಕೆ ಹೋಗುತ್ತಿದ್ದೆವು. ಹಾಗೆ ಕೊರೆದ ಗೋಡೆ ಯಾವುದನ್ನಾದರೂ ಹೊತ್ತಿದೆಯೇ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಬಿಳೇಕಹಳ್ಳಿಯಲ್ಲಿ ಚಿಕ್ಕಣ್ಣ ಎಂಬವರ ಮನೆಯ ಕೆಲಸ ನನಗೆ ಸಿಕ್ಕಿತು. ಅವರದು ಆ ಊರಿನ ಹಳೆಯ ಕುಟುಂಬ. ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಮೂರು ಬಾಡಿಗೆ ಕಟ್ಟಡಗಳಿದ್ದವು. ಈ ಹೊಸ ಮನೆ ಮಾತ್ರ ತಾವೇ ಇರುವುದಕ್ಕೆ. ನೆಲಮಹಡಿ ಬಾಡಿಗೆಗೆ, ಮೇಲೆ ಅವರು. ಅವರ ಹೆಂಡತಿ ರತ್ನಮ್ಮನಿಗೆ ಹಳೆಯ ಮನೆಯ ಮೇಲೆ ಒಂದೇ ಒಂದು ದೂರು. ಕೋಣೆಯ ಮೂಲೆಮೂಲೆಯಲ್ಲಿ ಪಿಲ್ಲರು ಚಾಚಿಕೊಂಡು ಬೀರು ಗೋಡೆಗೆ ಒತ್ತಿ ಕೂರುತ್ತಿರಲಿಲ್ಲ. "ಪಿಲ್ಲರ್ ಇಲ್ದಿರೋ ಮನೆ ಕಟ್ಕೊಡಿ" ಎಂದು ಆಕೆ ಹೇಳಿದ್ದರಿಂದಲೇ ವಿಶಾಲಾಕ್ಷಿ ಮೇಡಂ ಆ ಕೆಲಸಕ್ಕೆ ಬಂದಿದ್ದರು. ಒಳಗೆ ದೊಡ್ಡ ತೂತುಗಳಿರುವ ಕಾಂಕ್ರೀಟ್ ಬ್ಲಾಕುಗಳನ್ನು ಒಂದರ ಮೇಲೊಂದು ಇಟ್ಟು, ಮೂಲೆಗಳಲ್ಲಿ ಮತ್ತು ಬಾಗಿಲುಗಳ ಪಕ್ಕದ ತೂತುಗಳಲ್ಲಿ ಪಾಯದಿಂದಲೇ ಕಂಬಿ ಎಬ್ಬಿಸಿ, ಆ ತೂತುಗಳಿಗೆ ತೆಳು ಕಾಂಕ್ರೀಟು ತುಂಬುವ ಮನೆ. ನಾನು ಅಂಥದ್ದನ್ನು ಅಲ್ಲಿಯವರೆಗೆ ಕಂಡಿರಲಿಲ್ಲ.

ಕಂಡ ಕೂಡಲೇ ಖುಷಿಯಾಯಿತು. ಗೋಡೆ ಕೊರೆಯುವ ಕೆಲಸವೇ ಇಲ್ಲ, ತೂತು ರೆಡಿಯಾಗಿದೆ! ಬಚ್ಚಲಿನ ಮೂಲೆಯ ತೂತಿನಲ್ಲಿ, ಕಂಬಿಯ ಪಕ್ಕದಲ್ಲೇ, ಸೋಲಾರಿನಿಂದ ಬರುವ ಬಿಸಿನೀರಿನ ಪೈಪನ್ನು ಇಳಿಸಿ, ಎಷ್ಟು ನೀಟಾಗಿದೆ ಎಂದು ನೋಡುತ್ತ ನಿಂತಿದ್ದೆ. ಹಿಂದೆ ಟಾರ್ಚ್ ಬೆಳಕು ಬಿತ್ತು.

"ಯಾರಪ್ಪಾ ಇಲ್ಲಿ ಪ್ಲಂಬರ್ರು?"

ತಿರುಗಿ ನೋಡಿದೆ. ಹೆಲ್ಮೆಟ್ ಹಾಕಿಕೊಂಡ ಒಬ್ಬ ಹೆಂಗಸು ಬ್ಲಾಕಿನ ಮೇಲೆ ಹತ್ತಿ ನಿಂತು ತೂತಿನೊಳಗೆ ಬಗ್ಗಿ ನೋಡುತ್ತಿದ್ದರು.

"ನಾನೇ ಮೇಡಂ."

"ಈ ತೂತಲ್ಲಿ ಏನಿದೆ?"

"ಬಿಸಿನೀರಿನ ಲೈನ್ ಮೇಡಂ."

"ಅದರ ಪಕ್ಕ?"

"ಕಂಬಿ."

"ಕಂಬಿ ಯಾಕಿದೆ?"

"ಇಂಜಿನಿಯರ್ ಹೇಳಿದ್ರು ಅಂತ ಹಾಕಿದಾರೆ ಮೇಡಂ."

"ಆ ಇಂಜಿನಿಯರ್ ನಾನೇ ಕಣಪ್ಪ" ಎಂದು ಇಳಿದು ಬಂದರು. "ಈ ಮನೇಲಿ ಪಿಲ್ಲರ್ ಎಲ್ಲಿದೆ ತೋರಿಸು ನೋಡೋಣ."

ಪಿಲ್ಲರೇ ಇಲ್ಲವಲ್ಲ ಎಂದೆ.

"ಇದೆ. ನೀನು ಪೈಪ್ ಇಳಿಸಿದೀಯಲ್ಲ, ಅದೇ ಪಿಲ್ಲರ್ರು."

ಹತ್ತು ನಿಮಿಷ ಅವರು ಮಾತಾಡಿದರು. ಒಂದು ಕಡೆ ನಿಂತು ಅಲ್ಲ. ಅಡುಗೆಮನೆಗೆ ನಡೆದು, ಬಚ್ಚಲಿಗೆ ಬಂದು, ಮೆಟ್ಟಿಲ ಬುಡಕ್ಕೆ ಹೋಗಿ, ಮತ್ತೆ ಬಚ್ಚಲಿಗೆ ಬಂದು. ನಾನು ಕರುವಿನ ಹಾಗೆ ಹಿಂದೆ ಸುತ್ತುತ್ತಿದ್ದೆ. "ಗೋಡೆಯೊಳಗೆ ಪೈಪ್ ಎಷ್ಟು ಜಾಗ ತಿನ್ನತ್ತೋ ಅಷ್ಟು ಗೋಡೆ ಇಲ್ಲ ಅಂತ ಲೆಕ್ಕ. ಪೈಪ್ ಗಟ್ಟಿ ಇದೆ ಅಂದ್ಕೋಬೇಡ, ಅದು ಏನೂ ಹೊರಲ್ಲ. ಬಿಸಿನೀರು ಹರಿದಾಗ ಪೈಪ್ ಹಿಗ್ಗತ್ತೆ, ಸುತ್ತ ಇರೋ ಕಾಂಕ್ರೀಟ್ ಹಿಗ್ಗಲ್ಲ. ಜಾಯಿಂಟ್ ಒಂದು ಸೋರಿದ್ರೆ ಕಂಬಿ ತುಕ್ಕು ಹಿಡಿಯತ್ತೆ, ನಿನಗೆ ಕಾಣಲ್ಲ, ನನಗೂ ಕಾಣಲ್ಲ. ಗೋಡೆ ದಾಟಬೇಕಾ? ದಾಟು. ದೊಡ್ಡ ಪೈಪಿನ ತುಂಡು ಇಟ್ಟು, ಸ್ಲೀವ್ ಅಂತಾರೆ ಅದಕ್ಕೆ, ಅದರೊಳಗಿಂದ ದಾಟಿಸು. ಎರಡು ದಾಟಬೇಕಾ? ಪೈಪಿನ ದಪ್ಪದ ಮೂರು ಪಟ್ಟು ದೂರ ಇಡು, ಮಧ್ಯದಿಂದ ಮಧ್ಯಕ್ಕೆ. ಮೇಲಿಂದ ಕೆಳಗೆ ಇಳಿಯೋಕೆ ಬಚ್ಚಲ ಪಕ್ಕ ಡಕ್ಟ್ ಬಿಟ್ಟಿದೀನಲ್ಲ, ಅದು ನಿಂದು. ಕಂಬಿ ಇರೋ ತೂತು ಕಂಬಿದು."

"ಎಲ್ಲಾ ಕಡೆ ಹೀಗೇನಾ ಮೇಡಂ ರೂಲ್ಸು?" ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು.

"ಕಟ್ಟಡದ ಕೋಡ್ ಬರೆದೋರು ಹೊತ್ತು ಹೋಗಲ್ಲ ಅಂತ ಬರೆದಿಲ್ಲಪ್ಪ. ಎಲ್ಲೋ ಒಂದು ಗೋಡೆ ಸೀಳಿರತ್ತೆ. ಆಮೇಲೆ ಒಂದು ಸಾಲು ಬರೆದಿರ್ತಾರೆ."

ಪೈಪನ್ನು ಹೊರಗೆಳೆದೆ. ಅವರು ಹೋದಮೇಲೆ ಮನಸ್ಸಿನಲ್ಲೇ ಬೈದುಕೊಂಡೆ. ಸೆಲ್ವಂ ಮೇಸ್ತ್ರಿ, ಆ ಸೈಟಿನ ಗೋಡೆ ಕೆಲಸದವನು, ನನ್ನ ಮುಖ ನೋಡಿ ನಕ್ಕ. "ಇದು ಮೊದಲನೇ ದಿನ ತಂಬಿ. ಆಯಮ್ಮ ಕಾಲು ನಿಲ್ಲಲ್ಲ. ಇವತ್ತೇ ಇನ್ನೊಂದ್ಸಲ ಬರ್ತಾರೆ ನೋಡು." ಸಂಜೆ ನಾಲ್ಕಕ್ಕೆ ಬಂದರು.

ಹಾಗೇ ನೆಲಮಹಡಿ ಮುಗಿದು ಮೇಲಿನ ಮಹಡಿಯ ಗೋಡೆಗಳು ಎದ್ದವು. ಅಷ್ಟರಲ್ಲಿ ಚಿಕ್ಕಣ್ಣನವರು ಗೃಹಪ್ರವೇಶಕ್ಕೆ ದಿನ ಗೊತ್ತುಮಾಡಿಸಿಬಿಟ್ಟಿದ್ದರು. ಸೋಮವಾರ ಬೆಳಗ್ಗೆ ಮೇಲಿನ ತಾರಸಿಗೆ ಕಾಂಕ್ರೀಟು ಹಾಕುವುದೆಂದು ತೀರ್ಮಾನವಾಯಿತು. ಅದರ ಹಿಂದಿನ ಗುರುವಾರ ಅವರು ಮೇಲೆ ಬಂದು, ಹಾಲಿನಲ್ಲಿ ಊಟದ ಮೇಜು ಬರುವ ಕಡೆ ಕೈ ತೊಳೆಯಲು ಒಂದು ಬೇಸಿನ್ ಬೇಕು ಎಂದರು. ನಕ್ಷೆಯಲ್ಲಿ ಅದು ಇರಲಿಲ್ಲ. ಆ ಜಾಗ ಬಾಗಿಲಿನ ಪಕ್ಕದಲ್ಲೇ ಇತ್ತು, ಅಲ್ಲಿದ್ದ ತೂತಿನಲ್ಲಿ ಕಂಬಿಯಿತ್ತು. ಮೇಡಂ ಯಾವುದೋ ಮದುವೆಗೆಂದು ಮೈಸೂರಿಗೆ ಹೋಗಿದ್ದರು.

"ಮೇಡಂ ಬರ್ಲಿ ಅಣ್ಣ, ಕೇಳೋಣ" ಎಂದೆ.

"ಒಂದು ಪೈಪ್ ಕಣಯ್ಯಾ! ಬೆರಳು ದಪ್ಪ ಇಲ್ಲ. ಅದಕ್ಕೂ ಆಯಮ್ಮನ್ನ ಕೇಳ್ಬೇಕಾ? ನಿಂಗೆ ಆಗ್ದಿದ್ರೆ ಹೇಳು, ಬೇರೆಯೋರ್ನ ಕರೀತೀನಿ."

ನನಗೆ ಆಗ ಇಪ್ಪತ್ತನಾಲ್ಕು ವರ್ಷ. ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಕಂಬಿಯ ಪಕ್ಕದಲ್ಲಿ ಮೇಲಿನಿಂದ ಪೈಪು ಇಳಿಸಿ, ಮೂರಡಿ ಎತ್ತರದಲ್ಲಿ ಪೈಪನ್ನು ತಿರುಗಿಸುವ ಎಲ್ಬೋ ಕೂರಿಸಿ, ಗೋಡೆಯ ಮುಖಕ್ಕೆ ಬಾಯಿ ತಂದೆ. ಶುಕ್ರವಾರ ಸೆಲ್ವಂ ಮೇಸ್ತ್ರಿ ಏನೂ ಕೇಳದೆ ಮೇಲಿನಿಂದ ಕಾಂಕ್ರೀಟು ಸುರಿದು ಕಂಬಿಯಿಂದ ತಿವಿದು ತುಂಬಿದ. ಪೈಪಿನ ಎರಡೂ ಬಾಯಿಗೆ ಕಾಗದ ತುರುಕಿ ಮೇಲೆ ಸಿಮೆಂಟು ಸವರಿದೆ. ಪ್ಲಾಸ್ಟರಿಂಗ್ ಆದಮೇಲೆ ಬಿಡಿಸಿಕೊಂಡರೆ ಆಯಿತು.

ಶನಿವಾರ ಮೇಡಂ ಬಂದರು. ಮದುವೆಯಲ್ಲಿ ಇಟ್ಟ ಮೆಹಂದಿ ಕೈಯಲ್ಲಿ ಇನ್ನೂ ಕೆಂಪಗಿತ್ತು. ಒಂದೊಂದು ಗೋಡೆಯನ್ನೂ ಬಡಿಯುತ್ತ ಬಂದು ಆ ಬಾಗಿಲಿನ ಪಕ್ಕ ನಿಂತರು. ಅಲ್ಲಿ ಬಡಿಯುವ ಮೊದಲೇ ನನ್ನ ಕಡೆ ತಿರುಗಿದರು.

"ಶಿವು, ಇಲ್ಲಿ ಕಂಬಿ ಜೊತೆ ಏನೂ ಇಲ್ಲ ತಾನೇ?"

"ಇಲ್ಲ ಮೇಡಂ."

"ಸರಿ" ಎಂದು ಮುಂದಿನ ಕೋಣೆಗೆ ಹೋದರು.

ಅವರು ಇನ್ನೊಂದು ಪ್ರಶ್ನೆ ಕೇಳಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆನೇನೋ. ಎಲ್ಲವನ್ನೂ ಎರಡು ಸಲ ನೋಡುವವರು ಈ ಒಂದು ಮಾತಿಗೆ "ಸರಿ" ಎಂದುಬಿಟ್ಟರು. ಆ "ಸರಿ" ನನ್ನ ಬೆನ್ನು ಬಿಡಲಿಲ್ಲ. ಮನೆಗೆ ಹೋದೆ, ಅನ್ನ ಸೇರಲಿಲ್ಲ. ಅಮ್ಮ ಜ್ವರವೇ ಎಂದು ಹಣೆ ಮುಟ್ಟಿ ನೋಡಿದರು. ಹನುಮಂತನಗರದವರೆಗೆ ನಡೆದು ಹೋದೆ, ವಾಪಸ್ ಬಂದೆ, ಗೆಳೆಯರ ಜೊತೆ ಕೇರಂ ಆಡಲು ಕೂತು ಎದ್ದೆ. ಒಂದು ಪೈಪು ತಾನೇ ಎಂದುಕೊಳ್ಳುತ್ತಿದ್ದೆ, ತಕ್ಷಣ ಅದರ ಹಿಂದೆಯೇ "ಅದೇ ಪಿಲ್ಲರ್ರು" ಎನ್ನುವ ಅವರ ಮಾತು ಬರುತ್ತಿತ್ತು. ಸೋಮವಾರ ಬೆಳಗ್ಗೆ ಅದರ ಮೇಲೆ ಇಡೀ ತಾರಸಿ ಕೂರುತ್ತದೆ. ಆಮೇಲೆ ಹೇಳಿದರೂ ಒಂದೇ, ಬಿಟ್ಟರೂ ಒಂದೇ.

ಭಾನುವಾರ ಬೆಳಗ್ಗೆ ಜಯನಗರಕ್ಕೆ ಹೋದೆ. ಮುಂಬಾಗಿಲಲ್ಲಿ ಅವರ ಗಂಡ ಶ್ರೀಧರ ಸಾರ್ ಬೆತ್ತದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಬ್ಯಾಂಕಿನಿಂದ ರಿಟೈರ್ ಆದವರು, ಬಹಳ ನಿಧಾನದ ಮನುಷ್ಯ. ಮನೆಗೆ ಯಾರೇ ಬರಲಿ, ಕುರ್ಚಿಯಿಂದ ಏಳದೆ ಕೈಯಿಂದಲೇ ದಾರಿ ತೋರಿಸುತ್ತಿದ್ದರು. ನನಗೂ ಹಾಗೇ ತೋರಿಸಿದರು. ಮೇಡಂ ಹಿಂದಿನ ಅಂಗಳದಲ್ಲಿ ಒಗೆದ ಬಟ್ಟೆ ಹರಡುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ.

ಅವರು ಕೈಯಲ್ಲಿದ್ದ ಒದ್ದೆ ಟವಲನ್ನು ಹಿಂಡಿದರು. ಒಂದು ಸಲ ಹಿಂಡಿದ್ದನ್ನೇ ಮತ್ತೆ ಹಿಂಡಿದರು.

"ಎಲ್ಬೋ ಹಾಕಿದ್ಯಾ?"

"ಹೂಂ ಮೇಡಂ."

"ಎಷ್ಟು ಎತ್ತರದಲ್ಲಿ?"

"ಮೂರಡಿ."

"ಹಾಗಾದ್ರೆ ಕೆಳಗಡೆ ಮೂರಡಿ ಏನಿದೆಯೋ" ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅವರ ಸ್ಕೂಟರಿನ ಹಿಂದೆ ಕೂತು ಬಿಳೇಕಹಳ್ಳಿಗೆ ಹೋದೆ. ಸೈಟಿನ ಶೆಡ್ಡಿನಲ್ಲೇ ಇದ್ದ ಸೆಲ್ವಂ ಮೇಸ್ತ್ರಿಯನ್ನು ಎಬ್ಬಿಸಿ, ಎಲ್ಬೋ ಇರುವ ಜಾಗದಿಂದ ಒಂದಡಿ ಕೆಳಗೆ ಬ್ಲಾಕಿನ ಮುಖವನ್ನು ಒಡೆಯಲು ಹೇಳಿದರು. ಉಳಿ ಇಟ್ಟು ನಾಲ್ಕೇಟು ಹೊಡೆಯುವಷ್ಟರಲ್ಲಿ ತುಂಡು ಒಳಕ್ಕೆ ಬಿತ್ತು. ಟೊಣ್ ಎಂದು ಕೆಳಗೆಲ್ಲೋ ಸದ್ದಾಯಿತು. ಗಟ್ಟಿ ಗೋಡೆಯಾಗಿದ್ದರೆ ಆ ಸದ್ದು ಬರುವಂತಿರಲಿಲ್ಲ.

"ಕೈ ಹಾಕು" ಎಂದರು ನನಗೆ.

ಹಾಕಿದೆ. ಮೊಣಕೈವರೆಗೆ ಹೋಯಿತು. ಕಂಬಿಯೂ ಎಲ್ಬೋವೂ ಸೇರಿ ದಾರಿ ಕಟ್ಟಿ, ಮೇಲಿನಿಂದ ಸುರಿದ ಕಾಂಕ್ರೀಟು ಅಲ್ಲೇ ನಿಂತುಬಿಟ್ಟಿತ್ತು. ಕೆಳಗೆ ಬರೀ ಗಾಳಿ, ಬರೀ ಕಂಬಿ. ಕಂಬಿ ತಣ್ಣಗಿತ್ತು. ಸೆಲ್ವಂ ಮೇಸ್ತ್ರಿ ಉಳಿ ಕೆಳಗಿಟ್ಟು, "ನಾನು ತಿವಿದೆ ಅಮ್ಮಾ, ತುಂಬಿತು ಅಂದ್ಕೊಂಡೆ" ಎಂದು ಗೋಡೆಗೆ ಒರಗಿದ.

ಚಿಕ್ಕಣ್ಣನವರಿಗೆ ಫೋನ್ ಹೋಯಿತು. ಎದುರಿನ ಹಳೆಯ ಮನೆಯಿಂದ ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಒಡೆದ ಗೋಡೆ ನೋಡಿ ಅವರ ಮುಖ ಕೆಂಪಾಯಿತು.

"ಏನ್ ಮೇಡಮ್ಮೋರೇ ಇದು? ನಾಳೆ ಬೆಳಗ್ಗೆ ಏಳಕ್ಕೆ ಕಾಂಕ್ರೀಟ್ ಲಾರಿ ಬತ್ತದೆ."

"ನಾಳೆ ತಾರಸಿ ಹಾಕೋ ಹಾಗಿಲ್ಲ ಚಿಕ್ಕಣ್ಣೋರೇ. ಇದನ್ನ ಪೂರ್ತಿ ಬಿಚ್ಚಿ ಮತ್ತೆ ತುಂಬಬೇಕು."

"ಹಾಕಿದ್ರೆ ಏನಾಯ್ತದೆ? ಬಿದ್ದೋಯ್ತದಾ?"

ಮೇಡಂ ಸುಳ್ಳು ಹೇಳಿ ಹೆದರಿಸಬಹುದಿತ್ತು. "ಬೀಳಲ್ಲ" ಎಂದರು. "ಹತ್ತು ವರ್ಷನೂ ಬೀಳದೆ ಇರಬಹುದು. ಭೂಮಿ ಒಂದ್ಸಲ ಅಲ್ಲಾಡೋವರೆಗೂ ನಿಮಗೆ ಗೊತ್ತೇ ಆಗಲ್ಲ. ನನಗೆ ಗೊತ್ತಿರತ್ತಲ್ಲ, ಅದಕ್ಕೇನು ಮಾಡ್ಲಿ?"

"ಗೃಹಪ್ರವೇಶಕ್ಕೆ ಕಾರ್ಡ್ ಹಂಚಿದೀನಿ! ನೀವು ನಾಳೆಯಿಂದ ಬರೋದೇ ಬ್ಯಾಡ. ನೀನೂ ಅಷ್ಟೇ ಕಣೋ, ಹೇಳ್ಕೊಡೋ ನನ್ಮಗನೆ" ಎಂದು ಕೂಗಾಡಿ ಹೋದರು. ಅವರು ಕೆಟ್ಟವರಲ್ಲ. ನೂರಾರು ಜನರನ್ನು ಕರೆದಿದ್ದರು. ಊರಿನಲ್ಲಿ ಮುಖ ಇಟ್ಟುಕೊಂಡವರಿಗೆ ಕರೆದವರಿಗೆ ಬರಬೇಡಿ ಎನ್ನುವುದು ಸುಲಭವಲ್ಲ.

ಸೋಮವಾರ ಬೆಳಗ್ಗೆ ಆರೂವರೆಗೆ ನಾನು ನನ್ನ ಸಾಮಾನು ತರುವ ನೆವದಲ್ಲಿ ಹೋದೆ. ಮೇಡಂ ಆಗಲೇ ಅಲ್ಲಿದ್ದರು. ಒಳಗೆ ಬರಲಿಲ್ಲ. ಗೇಟಿನ ಎದುರು, ರಸ್ತೆಯ ಆ ಬದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಏಳಕ್ಕೆ ಲಾರಿ ಡ್ರಮ್ಮು ತಿರುಗಿಸುತ್ತ ಬಂದು ನಿಂತಿತು. ಅವರು ಲಾರಿಗೆ ಅಡ್ಡ ಬರಲಿಲ್ಲ, ಮಾತಾಡಲಿಲ್ಲ, ನಡೆಯುವುದನ್ನೂ ನಿಲ್ಲಿಸಲಿಲ್ಲ. ಎದುರು ಮನೆಯ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದ ರತ್ನಮ್ಮ ಎದ್ದು ಬಂದರು.

"ಯಾಕ್ ಮೇಡಂ ಇಲ್ಲೇ ಓಡಾಡ್ತಿದೀರ? ಒಳೀಕ್ ಬನ್ನಿ."

"ನಿಮ್ಮ ಯಜಮಾನ್ರು ಒಳಗೆ ಬರಬೇಡ ಅಂದಿದಾರಮ್ಮ. ಹೋಗೋಣ ಅಂತ ನೋಡ್ದೆ, ಕಾಲು ಬರ್ತಿಲ್ಲ."

ರತ್ನಮ್ಮ ನನ್ನ ಕಡೆ ತಿರುಗಿದರು. "ಏನಾಗದೆ ತೋರ್ಸು ಬಾ" ಎಂದರು. ಇಬ್ಬರೂ ಮೇಲೆ ಹೋದೆವು. ಒಡೆದ ಜಾಗ ತೋರಿಸಿದೆ. ಆಕೆ ಬಳೆಗಳನ್ನು ಹಿಂದಕ್ಕೆ ಸರಿಸಿ ಕೈ ಒಳಗೆ ಹಾಕಿದರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಹೊರಗೆ ತೆಗೆದಾಗ ಬೆರಳಿನ ರಂಗೋಲಿ ಪುಡಿಯ ಮೇಲೆ ಸಿಮೆಂಟಿನ ಧೂಳು ಹತ್ತಿತ್ತು. ಇಳಿದು ಹೋಗಿ ಲಾರಿಯ ಡ್ರೈವರಿಗೆ, "ತಾರಸಿಗೆ ಹಾಕ್ಬ್ಯಾಡಪ್ಪ" ಎಂದರು.

ಚಿಕ್ಕಣ್ಣ ಒಳಗಿನಿಂದ ಓಡಿ ಬಂದರು. "ಏಯ್, ನಿಂಗೇನ್ ಗೊತ್ತು?"

"ನಂಗೇನೂ ಗೊತ್ತಿಲ್ಲ. ಗೋಡೆ ಒಳೀಕ್ ನನ್ ಕೈ ಹೋಯ್ತು. ಹೋಗ್ಬೋದಾ? ಆ ಬಾಗ್ಲು ಪಕ್ಕದ ರೂಮಲ್ಲಿ ಮಲಗೋಳು ನಾನು. ನೀವು ಕಾರ್ಡ್ ಹಂಚಿದೋರಲ್ಲ."

ರಸ್ತೆಯಲ್ಲಿ ಜನ ನಿಂತಿದ್ದರು. ಡ್ರಮ್ಮು ತಿರುಗುತ್ತಿತ್ತು. ಚಿಕ್ಕಣ್ಣ ಹೆಂಡತಿಯ ಕೈ ನೋಡಿದರು, ನನ್ನ ಮುಖ ನೋಡಿದರು, ಕೊನೆಗೆ ಮೇಡಂ ಕಡೆ ನೋಡಿ, "ಎಷ್ಟ್ ದಿನ ಆಯ್ತದೆ?" ಎಂದರು. ಲಾರಿಯಲ್ಲಿದ್ದ ಕಾಂಕ್ರೀಟನ್ನು ಸುಮ್ಮನೆ ಕಳಿಸಲು ಮನಸ್ಸಾಗದೆ ಕಾರು ನಿಲ್ಲಿಸುವ ಅಂಗಳಕ್ಕೆ ಸುರಿಸಿದರು. ಬಿಳೇಕಹಳ್ಳಿಯಲ್ಲಿ ಅಷ್ಟು ಗಟ್ಟಿಯಾದ ಅಂಗಳ ಇನ್ನೊಂದಿಲ್ಲ.

ಆ ಗೋಡೆಯ ತೂತನ್ನು ಅಡಿಯಿಂದ ಮುಡಿಯವರೆಗೆ ಬಿಚ್ಚಿ, ಪೈಪು ತೆಗೆದು, ಒಂದೊಂದು ಅಡಿಯಾಗಿ ಮತ್ತೆ ತುಂಬಿದೆವು. ಪ್ರತಿ ಅಡಿಗೂ ಮೇಡಂ ಟಾರ್ಚ್ ಬಿಟ್ಟು ನೋಡಿದರು. ಬೇಸಿನ್ನು ಎದುರು ಗೋಡೆಗೆ ಹೋಯಿತು, ಅದರ ಪೈಪು ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಹೊರಗೇ ಹೋಯಿತು. ಗೃಹಪ್ರವೇಶ ಮುಂದಿನ ತಿಂಗಳಿಗೆ ಹೋಯಿತು. ನನ್ನ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಕೊನೆಯ ದಿನ ಸಾಮಾನು ಕಟ್ಟುತ್ತಿದ್ದಾಗ ಮೇಡಂ ಬಂದು, ಬನಶಂಕರಿಯಲ್ಲಿ ಇನ್ನೊಂದು ಮನೆ ಶುರುವಾಗುತ್ತಿದೆ ಎಂದರು.

"ನಾನು ನಿಮಗೆ ಸುಳ್ಳು ಹೇಳಿದೀನಿ ಮೇಡಂ."

"ಸುಳ್ಳು ಹೇಳೋ ಪ್ಲಂಬರ್ ಎಲ್ಲಾ ಕಡೆ ಸಿಗ್ತಾರೆ. ಭಾನುವಾರ ಮನೆ ಹುಡುಕ್ಕೊಂಡು ಬಂದು ಹೇಳೋನು ಸಿಗಲ್ಲ. ಆದ್ರೆ ನಿನ್ನನ್ನ ನಂಬ್ತೀನಿ ಅಂದ್ಕೋಬೇಡ. ನೋಡೇ ನೋಡ್ತೀನಿ."

ಹನ್ನೊಂದು ವರ್ಷ ನೋಡಿದರು. ಜೆ.ಪಿ. ನಗರ, ಬನಶಂಕರಿ, ಬಿಟಿಎಂ, ಎಲ್ಲಿ ಅವರ ಕೆಲಸವೋ ಅಲ್ಲಿ ನನ್ನ ಪೈಪು. ವಾಟ್ಸಾಪ್ ಬಂದಮೇಲೆ ಬೆಳಗ್ಗೆ ಐದೂಮುಕ್ಕಾಲಿಗೆ ವಾಯ್ಸ್ ಮೆಸೇಜು ಶುರುವಾಯಿತು. ಅದರಲ್ಲಿ ನಮಸ್ಕಾರ, ಕ್ಷೇಮ ಏನೂ ಇರುತ್ತಿರಲಿಲ್ಲ. "ಆ ಎರಡನೇ ಬಾತ್ರೂಮ್ ಸ್ಲೀವ್ ನೇರ ಇದೆಯಾ, ಓರೆ ಇದೆಯಾ, ಫೋಟೋ ಕಳಿಸು." ಕಳಿಸಿದರೆ, "ಫೋಟೋದಲ್ಲಿ ನಿನ್ನ ಹೆಬ್ಬೆರಳು ಕಾಣ್ತಿದೆ, ಸ್ಲೀವ್ ಕಾಣ್ತಿಲ್ಲ." ಹಿಂದೆ ಕುಕ್ಕರಿನ ಸೀಟಿ, ಶ್ರೀಧರ ಸಾರ್ ಕೆಮ್ಮು, ಅವರ ಚಪ್ಪಲಿಯ ಸದ್ದು. ನಡೆಯುತ್ತಲೇ ಮಾತಾಡುತ್ತಿದ್ದರು. ನನ್ನ ಮದುವೆಯಾದಮೇಲೆ ಹೆಂಡತಿ ಮೊದಲ ವಾರ ಆ ದನಿಗೆ ಬೆಚ್ಚಿ ಎದ್ದು ಕೂರುತ್ತಿದ್ದಳು. ಆಮೇಲೆ ಅದೇ ಅವಳ ಅಲಾರಂ ಆಯಿತು.

ಅವರಿಗೆ ಯಾಕಿಷ್ಟು ಚಡಪಡಿಕೆ ಎಂದು ನಾನು ಒಮ್ಮೆ ಶ್ರೀಧರ ಸಾರನ್ನೇ ಕೇಳಿದ್ದೆ. ಹಿಂದೆ ಏನಾದರೂ ಕಟ್ಟಡ ಬಿದ್ದಿತ್ತೇ, ಯಾರಿಗಾದರೂ ಏನಾದರೂ ಆಗಿತ್ತೇ? ಅವರು ಪೇಪರ್ ಮಡಿಸಿದರು. "ಏನೂ ಬಿದ್ದಿಲ್ಲಪ್ಪ. ನನ್ನ ಕೆಲಸ ನೋಡು, ತಪ್ಪಾದ್ರೆ ನಾಳೆ ಫೈಲ್ ತೆಗೆದು ನೋಡಬಹುದಿತ್ತು. ಅವಳದು ಒಂದ್ಸಲ ಮುಚ್ಚಿದ್ರೆ ಆಯ್ತು. ಮುಚ್ಚಿದ್ಮೇಲೆ ನೋಡೋಕಾಗಲ್ಲ ಅನ್ನೋದೇ ಅವಳ ಸಂಕಟ. ಮೂವತ್ತೈದು ವರ್ಷದಿಂದ ಊಟಕ್ಕೆ ಕೂತಾಗ ಗೋಡೆ ವಿಷಯ ಕೇಳ್ತಿದೀನಿ. ನನಗೆ ಒಂದೂ ಅರ್ಥ ಆಗಿಲ್ಲ." ಹೀಗೆಂದು ನಕ್ಕು ಮತ್ತೆ ಪೇಪರ್ ಬಿಚ್ಚಿದರು.

ಹೋದ ವರ್ಷ ಮೇಡಂಗೆ ಎದೆಯಲ್ಲಿ ಕಫ ಕಟ್ಟಿತು. ಬರೀ ಸೈಟಿನ ಧೂಳು ಎಂದು ತಳ್ಳಿಹಾಕಿದರು, ಡಾಕ್ಟರಿಗೆ ತೋರಿಸಿ ಎಂದರೆ ಕೇಳಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಜೆ.ಪಿ. ನಗರದ ಮನೆಯಲ್ಲಿ ಗೋಡೆಯ ತೂತುಗಳಿಗೆ ಕಾಂಕ್ರೀಟು ತುಂಬುವ ಕೆಲಸ ನಡೆಯುತ್ತಿತ್ತು. ಮಧ್ಯಾಹ್ನ ಎಳನೀರು ಹಿಡಿದು ಓಡಿದೆ. ಕೈಗೆ ಸೂಜಿ ಚುಚ್ಚಿದ್ದರು, ಮೂಗಿಗೆ ಆಮ್ಲಜನಕದ ನಳಿಕೆ. ಹೊದಿಕೆಯ ಕೆಳಗೆ ಪಾದಗಳು ಅಲ್ಲಾಡುತ್ತಲೇ ಇದ್ದವು.

"ಎಲ್ಲಿಂದ ಬಂದೆ?"

"ಜೆ.ಪಿ. ನಗರದಿಂದ ಮೇಡಂ."

"ಏನು ನಡೀತಿದೆ ಅಲ್ಲಿ?"

"ತುಂಬ್ತಿದಾರೆ."

ಅವರು ಕಣ್ಣು ದೊಡ್ಡದು ಮಾಡಿದರು. "ಗೋಡೆ ತುಂಬ್ತಿರೋವಾಗ ನೀನಿಲ್ಲಿ ಏನೋ ಮಾಡ್ತಿದೀಯ? ನಾನೂ ಇಲ್ಲ, ನೀನೂ ಇಲ್ಲ. ಹೋಗು."

"ಸೆಲ್ವಂ ಇದಾನೆ ಮೇಡಂ. ಐದು ನಿಮಿಷ."

"ಹೋಗು ಶಿವು. ಆಮೇಲೆ ಬಾ."

ಎಳನೀರನ್ನು ಕಿಟಕಿಯಲ್ಲಿಟ್ಟು ಹೋದೆ. ಸೈಟಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು, ನಾನು ಹೋಗದಿದ್ದರೂ ನಡೆಯುತ್ತಿತ್ತು. ಸಂಜೆ ಮತ್ತೆ ಹೋದಾಗ ಅವರನ್ನು ಐಸಿಯುಗೆ ಸಾಗಿಸಿದ್ದರು, ಒಳಗೆ ಬಿಡಲಿಲ್ಲ. ಗಾಜಿನ ಬಾಗಿಲಿನ ಹೊರಗೆ ಶ್ರೀಧರ ಸಾರ್ ಪ್ಲಾಸ್ಟಿಕ್ ಕುರ್ಚಿಯ ಪಕ್ಕದಲ್ಲಿ ನಿಂತಿದ್ದರು. ಮೂರನೆಯ ದಿನ ಮೇಡಂ ತೀರಿಕೊಂಡರು. ಆ ಐದು ನಿಮಿಷ ಅವರ ಮಾತು ಮೀರಿ ಕೂರಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ವೈಕುಂಠ ಸಮಾರಾಧನೆ ಮುಗಿದು ಒಂದು ವಾರವಾಗಿತ್ತು. ಅದೇ ಜೆ.ಪಿ. ನಗರದ ಮನೆಯ ಮೇಲಿನ ಮಹಡಿಯಲ್ಲಿ ಎರಡು ಪೈಪುಗಳು ಪಕ್ಕಪಕ್ಕದಲ್ಲೇ ಗೋಡೆ ದಾಟಬೇಕಿತ್ತು. ಜಾಗ ಕಡಿಮೆ. ಅವರ ಕೆಲಸ ವಹಿಸಿಕೊಂಡಿದ್ದ ಹೊಸ ಇಂಜಿನಿಯರಿಗೆ ಫೋನ್ ಮಾಡಿದೆ, 'ಸೈಟಲ್ಲಿ ಹೇಗೆ ಆಗುತ್ತೋ ಹಾಗೆ ಮಾಡ್ಕೊಳ್ಳಿ' ಎಂದರು. ನನಗೆ ಸಮಾಧಾನವಾಗಲಿಲ್ಲ. ಮಹಡಿ ಹತ್ತಿದೆ, ಇಳಿದೆ, ಅಳತೆ ಹಿಡಿದೆ, ಮತ್ತೆ ಹತ್ತಿದೆ. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಬೆರಳು ಮೇಡಂ ನಂಬರ್ ಒತ್ತಿಬಿಟ್ಟಿತ್ತು. ಕತ್ತರಿಸಬೇಕು ಎನ್ನುವಷ್ಟರಲ್ಲಿ ಆ ಕಡೆ ಶ್ರೀಧರ ಸಾರ್ ಎತ್ತಿದರು.

"ಹೇಳು ಶಿವು."

"ತಪ್ಪಾಗಿ ಬಂತು ಸಾರ್. ಅಭ್ಯಾಸ."

"ಏನು ಕೇಳ್ಬೇಕಿತ್ತು ಅವಳನ್ನ?"

ಹೇಳುವುದೋ ಬೇಡವೋ ಎಂದು ನಿಂತೆ. ಆಮೇಲೆ ಹೇಳಿದೆ. ಎರಡು ಸ್ಲೀವು, ಅಕ್ಕಪಕ್ಕ, ಜಾಗ ಕಡಿಮೆ.

ಆ ಕಡೆ ಪೇಪರ್ ಮಡಿಸುವ ಸದ್ದು ಕೇಳಿಸಿತು. "ದಪ್ಪದ ಮೂರು ಪಟ್ಟು" ಎಂದರು. "ಮಧ್ಯದಿಂದ ಮಧ್ಯಕ್ಕೆ. ಅಷ್ಟು ಜಾಗ ಇಲ್ದಿದ್ರೆ ಒಂದನ್ನ ಮೇಲೆ ಎತ್ತು ಅಂತಿದ್ಲು. ಅಲ್ವಾ?"

"ಹೌದು ಸಾರ್" ಎಂದೆ.

"ಯಾವಾಗ ಮುಚ್ಚೋದು?"

"ನಾಳೆ ಬೆಳಗ್ಗೆ ಸಾರ್."

"ಹಾಗಾದ್ರೆ ಇವತ್ತು ನಾನು ಬರ್ಲಾ? ಮನೇಲಿ ಕೂರೋಕೇ ಆಗ್ತಿಲ್ಲ ಕಣೋ."

ಅರ್ಧ ಗಂಟೆಯಲ್ಲಿ ಆಟೋದಿಂದ ಇಳಿದರು. ಬಿಳಿ ಪಂಚೆಯ ತುದಿ ಎತ್ತಿ ಹಿಡಿದು, ಜಲ್ಲಿಯ ಮೇಲೆ ಕಾಲು ಜಾರದಂತೆ ಒಂದೊಂದೇ ಹೆಜ್ಜೆ ಇಟ್ಟು ಬಂದರು. ನಾನು ಕೈ ಹಿಡಿದು ಮೇಲಿನ ಮಹಡಿಗೆ ಹತ್ತಿಸಿದೆ. ಅರ್ಧ ಕಟ್ಟಿದ ಗೋಡೆಯ ಮುಂದೆ ನಿಂತು, ಕಂಬಿಗಳನ್ನೂ ಖಾಲಿ ತೂತುಗಳನ್ನೂ ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಈಗ ಏನೇನು ನೋಡ್ಬೇಕು, ಹೇಳು."